ಹುಬ್ಬಳ್ಳಿಯಿಂದ ಗಜೇಂದ್ರಗಡ, ಬೆಳಿಗ್ಗೆ ಹೋಗಿ ರಾತ್ರಿ ಬರೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಶುಕ್ರವಾರ ಸಂಜೆ ಆಯಿತೆಂದರೆ ಯಾರಾದರೊಬ್ಬರ ಫೋನು ಬಂದೇ ಬರುತ್ತದೆ. "ರವಿವಾರ ಗಜೇಂದ್ರಗಡಕ್ಕ ಹೋಗಬೇಕು ಅಂತ ಮಾಡೇವ್ರಿ, ನೀವು ಹೋಗಿ ಬಂದೀರಲ್ಲ, ಸ್ವಲ್ಪ ಹೇಳ್ರಿ." ಒಬ್ಬರಿಗೆ ಹೇಳಿದ್ದನ್ನೇ ಹತ್ತು ಮಂದಿಗೆ ಹೇಳಿ ಬಾಯಿ ಸೋತಿತು. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರವೇ, ಭಾಷೆ ಮಾತ್ರ ಅಲ್ಲಲ್ಲಿ ತಿದ್ದಿದ್ದೇನೆ.

ದಾಂಡೇಲಿ ಬಿಟ್ಟು, ಶಿರಸಿ ಬಿಟ್ಟು ಗಜೇಂದ್ರಗಡ ಯಾಕೆ?

ಹುಬ್ಬಳ್ಳಿ-ಧಾರವಾಡದವರಿಗೆ ಗುಡ್ಡ ಅಂದರೆ ಪಶ್ಚಿಮಕ್ಕೆ ಮುಖ ಮಾಡುವ ರೂಢಿ. ಹಸಿರು ಬೇಕು, ಜಲಪಾತ ಬೇಕು ಅನ್ನುವವರು ಆ ಕಡೆಗೇ ಹೋಗಲಿ, ನನ್ನ ತಕರಾರಿಲ್ಲ. ಆದರೆ ಮಳೆಗಾಲದ ರವಿವಾರ ಅಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಪೂರ್ವಕ್ಕೆ ಹೊರಟರೆ ಆ ಗೋಜಿಲ್ಲ. ಅಣ್ಣಿಗೇರಿ, ಗದಗ, ನರೇಗಲ್ಲ ದಾಟುವವರೆಗೂ ಎರಿ ಹೊಲ, ರೊಟ್ಟಿ ತಟ್ಟಿದಷ್ಟು ಸಪಾಟು. ಆಮೇಲೆ ಎಲ್ಲಿಂದಲೋ ಬಂದು ಅಡ್ಡ ನಿಂತ ಹಾಗೆ ಬಂಡೆಗಲ್ಲಿನ ಗುಡ್ಡ ಏಳುತ್ತದೆ, ಅದರ ಬುಡಕ್ಕೇ ಊರು. ಗುಡ್ಡದ ಮೇಲೆ ಕೋಟೆ, ಸುತ್ತಲಿನ ದಿಬ್ಬಗಳ ಮೇಲೆ ಗಾಳಿಯಂತ್ರಗಳು, ಊರೊಳಗೆ ಮಗ್ಗ, ಪಕ್ಕದ ಇನ್ನೊಂದು ಗುಡ್ಡದಲ್ಲಿ ಕಾಲಕಾಲೇಶ್ವರ ಅನ್ನುವ ಶಿವನ ಗುಡಿ. ಇದು ಪ್ರವಾಸಿಗರಿಗೆಂದು ಸಿಂಗರಿಸಿಕೊಂಡ ಊರಲ್ಲ. ತನ್ನ ಪಾಡಿಗೆ ತಾನು ದುಡಿಯುವ ಊರು. ನನಗೆ ಹಿಡಿಸಿದ್ದು ಅದೇ.

ಗಜೇಂದ್ರಗಡ ಅನ್ನುವ ಹೆಸರು ಹೇಗೆ ಬಂತು?

ಗುಡ್ಡ ಆನೆ ಕುಳಿತಂತೆ ಕಾಣುತ್ತದೆ, ಅದಕ್ಕೇ ಗಜೇಂದ್ರ ಅನ್ನುತ್ತಾರೆ. ಗಡ ಅಂದರೆ ಕೋಟೆ. ನಾನು ನಾಲ್ಕೂ ದಿಕ್ಕಿನಿಂದ ನೋಡಿದ್ದೇನೆ, ನನಗೊಮ್ಮೆಯೂ ಆನೆ ಕಂಡಿಲ್ಲ. ನನ್ನ ಮಗಳಿಗೆ ನರೇಗಲ್ಲ ದಾಟಿದ ಕೂಡಲೇ ಸೊಂಡಿಲ ಸಮೇತ ಕಂಡಿತಂತೆ.

ಎಷ್ಟು ದೂರ, ಯಾವ ದಾರಿ?

ಹುಬ್ಬಳ್ಳಿಯಿಂದ ಗದಗ ಸುಮಾರು 58 ಕಿಲೋಮೀಟರ್. ಅಲ್ಲಿಂದ ಕೋಟುಮಚಗಿ, ನರೇಗಲ್ಲ ಮೇಲೆ ಗಜೇಂದ್ರಗಡ ಇನ್ನೊಂದು 50-55. ಒಟ್ಟು ಸುಮಾರು 110 ಅಂದುಕೊಳ್ಳಿ. ಧಾರವಾಡದಿಂದ ಹೊರಡುವವರು ಇನ್ನೊಂದು 20 ಸೇರಿಸಿಕೊಳ್ಳಿ. ಗದಗಿನವರೆಗೆ ಹೆದ್ದಾರಿ, ಹಾಯಾಗಿ ಹೋಗಬಹುದು. ಗದಗ ದಾಟಿದ ಮೇಲೆ ಹಳ್ಳಿ ದಾರಿ. ಸುಗ್ಗಿಯ ಕಾಲದಲ್ಲಿ ರಸ್ತೆಯ ಅರ್ಧಕ್ಕೆ ಕಾಳಿನ ರಾಶಿ ಹರವಿರುತ್ತಾರೆ, ಕಬ್ಬಿಣದ ಗಾಲಿಯ ಚಕ್ಕಡಿ ಎದುರು ಬರುತ್ತದೆ. ಗೂಗಲ್ ಮ್ಯಾಪ್ ಹೇಳಿದ ಹೊತ್ತಿಗೆ ಇನ್ನೊಂದು ಇಪ್ಪತ್ತು ನಿಮಿಷ ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ. ಎರಡೂವರೆ ತಾಸು ಹಿಡಿಯಿರಿ.

ಕಾರಿಲ್ಲ. ಬಸ್ಸಿಗೆ ಹೋಗಿ ಅದೇ ದಿನ ವಾಪಸ್ ಬರಬಹುದಾ?

ಬರಬಹುದು. ಹುಬ್ಬಳ್ಳಿಯಿಂದ ಗದಗಿಗೆ ಬಸ್ಸಿಗೆ ಬರವಿಲ್ಲ, ಒಂದು ಹೋದರೆ ಹಿಂದೆ ಇನ್ನೊಂದು ಇರುತ್ತದೆ. ಗದಗಿನಲ್ಲಿ ಇಳಿದು ಗಜೇಂದ್ರಗಡದ ಬಸ್ಸು ಹಿಡಿಯುವುದು. ಗದಗಿನವರೆಗೆ ರೈಲಿಗೂ ಹೋಗಬಹುದು, ಆದರೆ ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡಿಗೆ ಆಟೋ ಹಿಡಿಯುವ ಹೊತ್ತಿಗೆ ರೈಲಿನಲ್ಲಿ ಉಳಿಸಿದ ಸಮಯ ಕಳೆದಿರುತ್ತದೆ.

ಮನೆಯ ಹೆಣ್ಣುಮಕ್ಕಳೇ ಕೂಡಿ ಹೊರಟರೆ ಇನ್ನೂ ಸಸಾರ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡು ಮರೆಯದಿದ್ದರೆ ಸಾಕು. ನಮ್ಮ ಓಣಿಯ ಐದಾರು ಮಂದಿ ಶ್ರಾವಣದ ಸೋಮವಾರ ಹೀಗೆಯೇ ಹೋಗಿ ಕಾಲಕಾಲೇಶ್ವರನಿಗೆ ಬಿಲ್ವಪತ್ರಿ ಏರಿಸಿ, ಸಂಜೆ ಗದಗಿನಲ್ಲಿ ಮಿರ್ಚಿ ತಿಂದು, ರಾತ್ರಿ ಎಂಟಕ್ಕೆ ಮನೆಯಲ್ಲಿದ್ದರು. ಖರ್ಚಾಗಿದ್ದು ಮಿರ್ಚಿಗೆ, ಕಾಯಿ-ಕರ್ಪೂರಕ್ಕೆ.

ಒಂದೇ ಮಾತು: ಗಜೇಂದ್ರಗಡದಲ್ಲಿ ಇಳಿದ ಕೂಡಲೇ, ಚಹಾ ಕುಡಿಯುವುದಕ್ಕೂ ಮೊದಲು, ಗದಗಿಗೆ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಕಂಟ್ರೋಲರ್ ಹತ್ತಿರ ಕೇಳಿಕೊಳ್ಳಿ. ಪಕ್ಕದಲ್ಲಿ ನಿಂತ ಪ್ರಯಾಣಿಕರನ್ನಲ್ಲ, ಕಂಟ್ರೋಲರನ್ನು.

ಎಷ್ಟು ಗಂಟೆಗೆ ಮನೆ ಬಿಡಬೇಕು?

ಐದೂವರೆಗೆ. ಆರಕ್ಕೆ ಹೊರಡೋಣ ಅಂದವರು ಏಳಕ್ಕೆ ಹೊರಡುತ್ತಾರೆ, ಇದು ಎಲ್ಲ ಮನೆಯ ಕತೆ.

ನಾಷ್ಟಾ ಎಲ್ಲಿ?

ಗದಗಿನಲ್ಲಿ. ಹುಬ್ಬಳ್ಳಿಯಲ್ಲಿ ತಿಂದು ಹೊರಟರೆ ತಡವಾಗುತ್ತದೆ, ಗಜೇಂದ್ರಗಡಕ್ಕೆ ಹೋಗಿ ತಿನ್ನುತ್ತೇವೆ ಅಂದರೆ ಮಕ್ಕಳು ದಾರಿಯಲ್ಲೇ ರಾಗ ತೆಗೆಯುತ್ತಾರೆ. ಗದಗಿಗೆ ಏಳರ ಸುಮಾರಿಗೆ ಮುಟ್ಟಿದರೆ ಬಸ್ ಸ್ಟ್ಯಾಂಡ್ ಸುತ್ತಮುತ್ತ ಒಗ್ಗರಣಿ-ಮಿರ್ಚಿ ಬಿಸಿಬಿಸಿ ಸಿಗುತ್ತದೆ. ದಕ್ಷಿಣದ ಕಡೆಯಿಂದ ಬಂದ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ: ಚುರುಮುರಿಯನ್ನು ನೀರಲ್ಲಿ ತೋಯಿಸಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿಣ ಹಾಕಿ ಒಗ್ಗರಿಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿದ್ದು. ಬೆಂಗಳೂರಿನ ಭಾವ ಮೊದಲ ಸಲ ನೋಡಿ "ಬೆಳಿಗ್ಗೆ ಬೆಳಿಗ್ಗೆ ಬಜ್ಜಿನಾ?" ಅಂದರು. ಎರಡನೆಯ ಪ್ಲೇಟ್ ಹೇಳುವಾಗ ಮಾತಾಡಲಿಲ್ಲ.

ಕೋಟೆ ಮೊದಲೋ, ಕಾಲಕಾಲೇಶ್ವರ ಮೊದಲೋ?

ಎಲ್ಲರೂ ತಪ್ಪುವುದು ಇಲ್ಲೇ. ನಾನೂ ತಪ್ಪಿದ್ದೆ, ಅದನ್ನೇ ಮೊದಲು ಹೇಳುತ್ತೇನೆ.

ಕೆಲವು ವರ್ಷದ ಹಿಂದೆ, ಏಪ್ರಿಲ್ ತಿಂಗಳು. ಅತ್ತೆ-ಮಾವ, ನಾವು, ಮಕ್ಕಳು, ಎರಡು ಕಾರು. ಬೆಳಿಗ್ಗೆ ಬಾದಾಮಿ ಮುಗಿಸಿಕೊಂಡು ಗಜೇಂದ್ರಗಡ ನೋಡಿ ಮನೆ ಸೇರೋಣ ಅನ್ನುವ ಶಾಣ್ಯಾತನ ನನ್ನದೇ. ಕಾಲಕಾಲೇಶ್ವರ ಮುಟ್ಟಿದಾಗ ಮಧ್ಯಾಹ್ನ ಒಂದೂಕಾಲು. ಚಪ್ಪಲಿ ಬಿಟ್ಟು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ ನೋಡಿ, ಹಂಚಿನ ಮೇಲೆ ರೊಟ್ಟಿ ಹಾಕಿದಂತಾಯಿತು. ಹಿರಿಮಗಳು ನಾಲ್ಕು ಮೆಟ್ಟಿಲು ಓಡಿದಳು, ಐದನೆಯದರ ಮೇಲೆ ನಿಂತು ಅತ್ತಳು. ನಾನು "ಏನಾಗಲ್ಲ, ಜಲ್ದಿ ಜಲ್ದಿ ಹತ್ತಿಬಿಡೋಣ" ಅನ್ನುತ್ತಿದ್ದೆ. ಮಾವನವರು ಕೆಳಗೆ ಮರದ ನೆರಳಿಗೆ ಟವೆಲ್ ಹಾಸಿ ಆಗಲೇ ಕೂತಿದ್ದರು. "ಅಳಿಯಂದ್ರ, ದೇವರು ಎಲ್ಲಿಗೂ ಹೊಂಟಿಲ್ಲ. ಸಂಜಿಕ ಹೋಗೂಣು, ಈಗ ಬುತ್ತಿ ಬಿಚ್ಚರಿ" ಅಂದರು. ಬುತ್ತಿ ಬಿಚ್ಚಿದೆವು. ಉಂಡು ಅಲ್ಲೇ ಒಂದು ನಿದ್ದೆ ತೆಗೆದೆವು. ನಾಲ್ಕೂವರೆಗೆ ಎದ್ದು ಹತ್ತಿದಾಗ ಮೆಟ್ಟಿಲು ಬೆಚ್ಚಗಿತ್ತು ಅಷ್ಟೇ, ಮೇಲಿಂದ ಗಾಳಿ ಬೀಸುತ್ತಿತ್ತು. ಕೋಟೆ ಆ ದಿನ ತಪ್ಪಿತು. ಇವತ್ತಿಗೂ ಮನೆಯಲ್ಲಿ ನೆನೆಯುವುದು ಮಾತ್ರ ಆ ಮರದಡಿಯ ಮಧ್ಯಾಹ್ನವನ್ನೇ. ಅದೇ ದಿನ ನೋಡಿದ ಬಾದಾಮಿಯ ಗುಹೆಗಳ ಮಾತು ಯಾರೂ ತೆಗೆಯುವುದಿಲ್ಲ.

ಅಂದಿನಿಂದ ನಮ್ಮ ಪದ್ಧತಿ ಇದು: ಬೆಳಿಗ್ಗೆ ಎಂಟರಿಂದ ಹತ್ತೂವರೆ ಕೋಟೆ. ಅಲ್ಲಿ ನೆರಳಿಲ್ಲ, ಹಾಗಾಗಿ ಅದು ಬೆಳಗಿನ ಪಾಲು. ಹತ್ತೂವರೆಯಿಂದ ಹನ್ನೆರಡೂವರೆ ಊರು, ಮಗ್ಗ. ಆಮೇಲೆ ಊಟ, ನೆರಳು, ನಿದ್ದೆ. ನಾಲ್ಕರ ಮೇಲೆ ಕಾಲಕಾಲೇಶ್ವರ. ಎರಡೂ ಗುಡ್ಡವನ್ನು ಬೆಳಿಗ್ಗೆಯೇ ಮುಗಿಸಿ ಮಧ್ಯಾಹ್ನ ಬೇರೆ ಊರಿಗೆ ಓಡುತ್ತೇವೆ ಅನ್ನುವವರಿಗೆ ಮುಂದಿನ ಉತ್ತರಗಳಿಂದ ಹೆಚ್ಚು ಉಪಯೋಗವಿಲ್ಲ.

ಕೋಟೆಯಲ್ಲಿ ನೋಡುವಂಥದ್ದು ಏನಿದೆ?

ಬಾಗಿಲು, ಗೋಡೆ, ಬುರುಜು, ನೀರಿನ ಹೊಂಡಗಳು. ಬಹಳಷ್ಟು ಹಾಳು ಬಿದ್ದಿದೆ, ಮುಳ್ಳುಕಂಟಿ ಬೆಳೆದಿದೆ. ಅರಮನೆ ಗಿರಮನೆ ನಿರೀಕ್ಷಿಸಿ ಹೋದರೆ ನಿರಾಶೆ. ನಾನು ಹೋಗುವುದು ಎರಡು ಕಾರಣಕ್ಕೆ. ಒಂದು, ಬಂಡೆಯಲ್ಲಿ ಕಡಿದ ಹೊಂಡಗಳು. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ, ಗುಡ್ಡದ ತುದಿಯಲ್ಲಿ, ಒಂದು ದಂಡು ತಿಂಗಳುಗಟ್ಟಲೆ ಕುಡಿಯುವಷ್ಟು ನೀರನ್ನು ಹಿಡಿದಿಟ್ಟ ಲೆಕ್ಕಾಚಾರ ಅದು. ಮಳೆನೀರು ಯಾವ ಕಡೆಯಿಂದ ಇಳಿದು ಬರುತ್ತದೆ, ಎಲ್ಲಿ ತುಂಬಿಕೊಳ್ಳುತ್ತದೆ ಅಂತ ಬಂಡೆಯ ಇಳಿಜಾರನ್ನು ಹಿಡಿದು ನೋಡುತ್ತ ಹೋದರೆ ಒಂದು ತಾಸು ಕಳೆದದ್ದೇ ಗೊತ್ತಾಗುವುದಿಲ್ಲ. ಎರಡು, ಮೇಲಿಂದ ಕಾಣುವ ಊರು. ಬೆಳಿಗ್ಗೆ ಎಂಟರ ಹೊತ್ತಿಗೆ ಮಾಳಿಗೆಗಳ ಮೇಲೆ ಬಟ್ಟೆ ಒಣಹಾಕುವವರು, ಮೆಣಸಿನಕಾಯಿ ಹರವುವವರು ಕಾಣುತ್ತಾರೆ. ಯಾವುದೋ ಶಾಲೆಯ ಗಂಟೆಯ ಸದ್ದು ತಡವಾಗಿ ಮೇಲೆ ಬಂದು ಮುಟ್ಟುತ್ತದೆ.

ಮೇಲೆ ಅಂಗಡಿ ಇಲ್ಲ, ನೀರು ನಿಮ್ಮದೇ. ಹೊಂಡಗಳ ದಂಡೆಯಲ್ಲಿ ಪಾಚಿ ಇರುತ್ತದೆ, ಮಕ್ಕಳ ಕೈ ಬಿಡಬೇಡಿ. ಗೋಡೆಯ ಅಂಚಿಗೆ ನಿಂತು ಸೆಲ್ಫಿ ತೆಗೆಯುವವರಿಗೆ ಹೇಳುವುದೇನೂ ಇಲ್ಲ, ಆ ಕಲ್ಲುಗಳ ನಡುವಿನ ಗಾರೆ ಉದುರಿ ಬಹಳ ಕಾಲವಾಗಿದೆ.

ಇಲ್ಲಿ ಟಿಪ್ಪು ಸುಲ್ತಾನನ ಒಪ್ಪಂದ ಆಗಿತ್ತಂತೆ, ನಿಜವಾ?

ನಿಜ. ನಮ್ಮ ಭಾಗದ ಶಾಲೆಯ ಹುಡುಗರಿಗೂ ಇದು ಒಂದು ಅಂಕದ ಪ್ರಶ್ನೆಯಾಗಿ ಮಾತ್ರ ಗೊತ್ತು ಅನ್ನುವುದೇ ಬೇಜಾರು. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿತು. ನರಗುಂದವೂ ಈಗ ಗದಗ ಜಿಲ್ಲೆಯದೇ, ಅದೂ ಗುಡ್ಡದ ಕೋಟೆಯ ಊರೇ. ಅಲ್ಲಿಂದ ಹೊತ್ತಿಕೊಂಡದ್ದು ಒಂದು ಕಡೆ ಮರಾಠರು ಮತ್ತು ನಿಜಾಮ, ಇನ್ನೊಂದು ಕಡೆ ಟಿಪ್ಪು ನಿಂತ ದೊಡ್ಡ ಯುದ್ಧವಾಯಿತು. 1786ರಲ್ಲಿ ಬಾದಾಮಿ ಮರಾಠರ ಕೈಸೇರಿತು. ಎರಡೂ ಕಡೆಗೆ ಸಾಕಾದ ಮೇಲೆ 1787ರಲ್ಲಿ ಸಂಧಿಯಾಯಿತು. ಅದೇ ಗಜೇಂದ್ರಗಡ ಒಪ್ಪಂದ. ಬಾದಾಮಿ, ನರಗುಂದ, ಕಿತ್ತೂರು ಮರಾಠರಿಗೆ ಹೋದವು. ಟಿಪ್ಪು ಕಪ್ಪದ ಹಣ ಕೊಡಲು ಒಪ್ಪಿದ.

ಊರನ್ನು ಆಳಿದ್ದು ಘೋರ್ಪಡೆ ಮನೆತನ. ಸಂಡೂರಿನ ಘೋರ್ಪಡೆಗಳು ಕೇಳಿದ್ದೀರಲ್ಲ, ಅದೇ ಬಳಗದ ಇನ್ನೊಂದು ಕವಲು. ಕೋಟೆಯ ಮೇಲೆ ನಿಂತು ವಾಯವ್ಯಕ್ಕೆ ಬಾದಾಮಿ, ಪಶ್ಚಿಮಕ್ಕೆ ನರಗುಂದ ಇರುವ ದಿಕ್ಕನ್ನು ನೋಡಿಕೊಂಡರೆ, ಈ ಗುಡ್ಡ ಕೈಯಲ್ಲಿದ್ದವನಿಗೆ ಯಾಕೆ ಅಷ್ಟು ಬೆಲೆ ಅನ್ನುವುದು ಪಾಠದ ಪುಸ್ತಕ ಇಲ್ಲದೆಯೂ ತಿಳಿಯುತ್ತದೆ. ಸುತ್ತ ಎಲ್ಲ ಬಯಲು. ದಂಡು ಬರುವುದು ಅರ್ಧ ದಿನ ಮೊದಲೇ ಧೂಳಿನಲ್ಲಿ ಕಾಣುತ್ತದೆ.

ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ? ಮಂಡಿನೋವು ಇದೆ.

ಕೋಟೆ ಬೇಡ. ಕಾಲಕಾಲೇಶ್ವರಕ್ಕೆ ಕರೆದೊಯ್ಯಿರಿ, ಮೆಟ್ಟಿಲುಗಳು ಅಗಲವಾಗಿವೆ, ನಾಲ್ಕು ಹತ್ತಿ ಒಂದು ಗಳಿಗೆ ಕೂತು ಮತ್ತೆ ಹತ್ತಬಹುದು. ನಮ್ಮ ಅತ್ತೆಯವರು ಎಪ್ಪತ್ತು ದಾಟಿದ ಮೇಲೆ ಹತ್ತಿದ್ದು ಹಾಗೆಯೇ. ಇಳಿಯುವಾಗ ಮಂಡಿಗೆ ಹೆಚ್ಚು ತ್ರಾಸ, ಆಗ ಒಬ್ಬರು ಪಕ್ಕಕ್ಕಿರಲಿ. ಹತ್ತಲಾರೆ ಅಂದವರನ್ನು ಒತ್ತಾಯಿಸಬೇಡಿ, ಕೆಳಗೆ ಕೂತು ಹೋಗಿಬರುವವರನ್ನು ಮಾತಾಡಿಸುವುದರಲ್ಲಿ ಹಿರಿಯರಿಗೆ ಸಿಗುವ ಸುಖ ನಮಗೆ ಗೊತ್ತಾಗುವುದಿಲ್ಲ. ಅರ್ಧ ತಾಸಿನಲ್ಲಿ ಯಾರದೋ ಬೀಗರ ಬೀಗರು ಪತ್ತೆಯಾಗಿರುತ್ತಾರೆ.

ಕಾಲಕಾಲೇಶ್ವರದಲ್ಲಿ ಬೇಸಿಗೆಯಲ್ಲೂ ನೀರು ಹರಿಯುತ್ತದಂತೆ?

ಅಂತರಗಂಗೆ ಅನ್ನುತ್ತಾರೆ. ಮರದ ಬೇರಿನ ಸಂದಿನಿಂದ ನೀರು ಇಳಿದು ಕೆಳಗಿನ ಹೊಂಡಕ್ಕೆ ಬೀಳುತ್ತದೆ. ಆ ಏಪ್ರಿಲ್‌ನಲ್ಲೂ ಇತ್ತು, ಬೆರಳಿನಷ್ಟು ದಪ್ಪದ ಧಾರೆ. ಸುತ್ತಲಿನ ಗುಡ್ಡವೆಲ್ಲ ಸುಟ್ಟು ಕಂದು ಬಣ್ಣಕ್ಕೆ ತಿರುಗಿದಾಗ ಆ ಒಂದು ಮೂಲೆ ಮಾತ್ರ ಒದ್ದೆ. ಬೇರಿಗೆ ಹಾವಸೆ ಹಿಡಿದು ಹಸಿರು ಪಟ್ಟೆಯಾಗಿದೆ. ಹೊಂಡದ ದಂಡೆಗೆ ಕೂತರೆ ಧಾರೆಯ ಸದ್ದು ಒಂದೇ ಸಮ ಇರುವುದಿಲ್ಲ. ಗಾಳಿ ಬಂದಾಗ ನೀರು ಸ್ವಲ್ಪ ಓರೆಯಾಗಿ ಕಲ್ಲಿಗೆ ಬಡಿಯುತ್ತದೆ, ಸದ್ದು ಬದಲಾಗುತ್ತದೆ, ಗಾಳಿ ನಿಂತರೆ ಮತ್ತೆ ನೀರಿಗೆ ನೀರು ಬೀಳುವ ಸದ್ದು. ನನ್ನ ಮಗ, ಮೊಬೈಲ್ ಇಲ್ಲದೆ ಐದು ನಿಮಿಷ ಕೂರದ ಹುಡುಗ, ಇದನ್ನು ಕೇಳುತ್ತ ಕೂತಿದ್ದ.

ಮಳೆಗಾಲದಲ್ಲಿ ಗುಡ್ಡದ ಬಂಡೆ ಬಿರುಕಿನಲ್ಲಿ ಕುಡಿದ ನೀರು ನಿಧಾನಕ್ಕೆ ಜಿನುಗಿ ವರ್ಷವಿಡೀ ಹೊರಬರುತ್ತದೆ ಅನ್ನುವುದು ನನ್ನ ತಿಳಿವಳಿಕೆ. ಪೂಜೆ ಮಾಡುವವರ ಮುಂದೆ ಇದನ್ನು ಹೇಳಿದೆ. "ಹೌದ್ರೀ, ಆ ಬಿರುಕು ಯಾರ್ ಮಾಡ್ಯಾರ?" ಅಂದರು. ವಾದ ಅಲ್ಲಿಗೆ ಮುಗಿಯಿತು.

ಯುಗಾದಿಗೆ ಗುಡಿಗೆ ತಾನೇ ಸುಣ್ಣ ಬಳಿದಿರುತ್ತದೆ ಅನ್ನುತ್ತಾರಲ್ಲ?

ಜನ ನಂಬುವ ಕತೆ ಅದು, ನಂಬುವವರು ಬಹಳ. ಯುಗಾದಿಯ ಹಿಂದಿನ ರಾತ್ರಿ ಸುಣ್ಣ ಕಲಸಿ, ಕುಂಚ ಇಟ್ಟು, ಪಕ್ಕದಲ್ಲಿ ಹುಕ್ಕಾ ಇಟ್ಟು ಬಾಗಿಲು ಹಾಕುತ್ತಾರೆ. ಬೆಳಿಗ್ಗೆ ತೆಗೆದರೆ ಸುಣ್ಣ ಬಳಿದಿರುತ್ತದೆ, ಹುಕ್ಕಾ ಸೇದಿರುತ್ತದೆ. ನಾನು ಆ ರಾತ್ರಿ ಅಲ್ಲಿ ಇದ್ದವನಲ್ಲ. ನನಗೆ ಇಷ್ಟವಾಗುವುದು ಆ ಹುಕ್ಕಾ. ಕೆಲಸಕ್ಕೆ ಬರುವವನು ದೇವರಾದರೂ ದಣಿವಾರಿಸಿಕೊಳ್ಳಲು ಏನಾದರೂ ಇಡಬೇಕು ಅನ್ನುವುದು ಪಕ್ಕಾ ನಮ್ಮ ಕಡೆಯ ಮನಸ್ಸು.

ಹೆಸರಿನ ಅರ್ಥವನ್ನೂ ಕೇಳುತ್ತಾರೆ: ಕಾಲನಿಗೂ ಕಾಲನಾದವನು, ಅಂದರೆ ಯಮನಿಗೇ ಯಮನಾದ ಶಿವ. ಊರವರು ದಕ್ಷಿಣ ಕಾಶಿ ಅಂತಲೂ ಕರೆಯುತ್ತಾರೆ.

ಮಧ್ಯಾಹ್ನದ ಊಟ?

ಬುತ್ತಿ ಕಟ್ಟಿಕೊಂಡು ಹೋಗಿ. ಊರಲ್ಲಿ ಖಾನಾವಳಿಗಳಿವೆ, ಜೋಳದ ರೊಟ್ಟಿ, ಪಲ್ಯ, ಝುಣಕ ಚೆನ್ನಾಗಿಯೇ ಸಿಗುತ್ತದೆ. ಆದರೆ ರವಿವಾರ ಮದುವೆ-ಸೀಮಂತ ಇದ್ದರೆ ಅಡಿಗೆಯವರೇ ಇರುವುದಿಲ್ಲ. ಒಂದು ಸಲ ಒಂದು ಕಡೆ "ಹತ್ತು ನಿಮಿಷ ಕುಂಡ್ರಿ, ರೊಟ್ಟಿ ಬಡ್ಯಾಕತ್ತಾರ" ಅಂದರು. ಎರಡನೆಯ ಸಲ ಕೇಳಿದಾಗಲೂ ಹತ್ತು ನಿಮಿಷ. ಒಂದೂವರೆ ತಾಸಿನ ಮೇಲೆ ಬಂದದ್ದು ಅನ್ನ-ಸಾರು.

ಬುತ್ತಿಗೆ ನಮ್ಮ ಮನೆಯ ಪಟ್ಟಿ: ಖಡಕ್ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಮೊಸರನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಒದ್ದೆ ಬಟ್ಟೆ ಸುತ್ತಿ, ಮಧ್ಯಾಹ್ನಕ್ಕೂ ಹುಳಿಯಾಗುವುದಿಲ್ಲ. ಉಂಡ ಮೇಲೆ ಹಾಳೆ, ಪ್ಲಾಸ್ಟಿಕ್ ಎಲ್ಲ ಗಾಡಿಯಲ್ಲೇ ವಾಪಸ್ ಬರಲಿ.

ಮಗ್ಗ ನೋಡಲು ಬಿಡುತ್ತಾರಾ?

ಬಿಡುತ್ತಾರೆ, ಕೇಳಿ ಹೋದರೆ. ಟಿಕೆಟ್ ಇಟ್ಟು ತೋರಿಸುವ ಜಾಗವಲ್ಲ ಅದು, ಜನರ ಮನೆ. ಓಣಿಯಲ್ಲಿ ನಡೆಯುತ್ತ ಹೋದರೆ ಲಾಳಿಯ ಟಕ್-ಟಕ್ ಕೇಳಿಸುತ್ತದೆ. ಬಾಗಿಲಲ್ಲಿ ನಿಂತು "ಬರಬಹುದೇನ್ರೀ?" ಅಂದರೆ ಸಾಕು. ಹಿಂದೆ ಓಣಿ ತುಂಬ ಇದ್ದ ಸದ್ದು ಈಗ ಅಲ್ಲೊಂದು ಇಲ್ಲೊಂದು.

ನಾವು ಹೋದ ಮನೆಯಲ್ಲಿ ಕುಣಿ ಮಗ್ಗ ಇತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಅವತ್ತು ಆ ಅಮ್ಮ ನೇಯುತ್ತಿರಲಿಲ್ಲ, ಸೆರಗು ಕೂಡಿಸುತ್ತಿದ್ದರು. ಇಳಕಲ್ ಬಗೆಯ ಸೀರೆಯಲ್ಲಿ ಮೈಯ ಹಾಸು (ಉದ್ದಕ್ಕೆ ಹೋಗುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಹತ್ತಿ ನೂಲು, ಸೆರಗಿಗೆ ರೇಷ್ಮೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಒಂದಕ್ಕೊಂದು ಸಿಕ್ಕಿಸಬೇಕು, ಒಂದೊಂದೇ ಎಳೆ. ಬೆರಳ ತುದಿಯನ್ನು ನೀರಲ್ಲಿ ಅದ್ದುವುದು, ಎಳೆಯನ್ನು ಹೊಸೆಯುವುದು, ಬಿಡುವುದು. ಕಣ್ಣು ಎಳೆಯ ಮೇಲೆ, ಮಾತು ನನ್ನ ಹೆಂಡತಿಯ ಜೊತೆ: "ಕುಂಡ್ರು ತಂಗಿ, ಹುಬ್ಬಳ್ಯಾಗ ಯಾವ ಓಣಿ?" ಹೆಂಡತಿ ಇಪ್ಪತ್ತು ನಿಮಿಷ ಕೂತಳು. ಅಷ್ಟರಲ್ಲಿ ಅಂಗೈ ಅಗಲದಷ್ಟೂ ಮುಗಿದಿರಲಿಲ್ಲ. ಎದ್ದು ಬಂದ ಮೇಲೆ ತನ್ನ ಮೈಮೇಲಿನ ಸೀರೆಯ ಸೆರಗು ತಿರುವಿ ಆ ಕೂಡಿಕೆಯ ಗೆರೆ ಎಲ್ಲಿದೆ ಅಂತ ಹುಡುಕಿದಳು. ಮದುವೆಯಾದಾಗಿನಿಂದ ಉಡುತ್ತಿದ್ದ ಸೀರೆ ಅದು.

ಸೀರೆ ಕೊಳ್ಳುವುದಾದರೆ ಏನು ಕೇಳಬೇಕು?

ಪಟ್ಟೇದ ಅಂಚು ಕೇಳಿ. ಇದು ಗಜೇಂದ್ರಗಡದ ಹೆಸರಿನ ಜೊತೆಗೇ ಬರುವ ಹಳೆಯ ಸೀರೆ. ಹತ್ತಿಯದು, ಮೈತುಂಬ ಚೌಕಡಿ, ಗಟ್ಟಿ ಬಣ್ಣದ ಅಂಚು, ಎರಡೂ ಮಗ್ಗಲು ಉಡಬಹುದು. ಮಧ್ಯೆ ಉಡುವವರೇ ಇಲ್ಲವಾಗಿ ನೇಯುವುದೂ ನಿಂತೇಹೋದಂತಾಗಿತ್ತು, ಈಚಿನ ವರ್ಷಗಳಲ್ಲಿ ಮತ್ತೆ ಮಗ್ಗಕ್ಕೆ ಬಂದಿದೆ. ಮೊದಲು ಖಡಕ್ ಅನಿಸುತ್ತದೆ, ನಾಲ್ಕು ಸಲ ಒಗೆದ ಮೇಲೆ ಮೈಗೆ ಹತ್ತುತ್ತದೆ. ಇಳಕಲ್ ಬಗೆಯದು ಬೇಕೆಂದರೆ ಕೈಮಗ್ಗದ್ದೋ ಪವರ್‌ಲೂಮಿನದೋ ಅಂತ ನೇರವಾಗಿ ಕೇಳಿ. ಮೈ ಮತ್ತು ಸೆರಗು ಕೂಡುವ ಜಾಗದಲ್ಲಿ ಬೆರಳಾಡಿಸಿ ನೋಡಿ, ಕೊಂಡಿಯ ಗೆರೆ ಕೈಗೆ ಸಿಗುತ್ತದೆ. ಬೆಲೆಯಲ್ಲಿ ಚೌಕಾಸಿ ಮಾಡಬಾರದು ಅಂತ ನಾನು ಹೇಳುವುದಿಲ್ಲ, ಆದರೆ ಆ ಕೊಂಡಿ ಹಾಕುವುದನ್ನು ನೋಡಿ ಬಂದ ಮೇಲೆ ಬಾಯಿ ತಾನಾಗಿಯೇ ಸಣ್ಣದಾಗುತ್ತದೆ.

ಸೂಡಿ ಹತ್ತಿರವೇ ಅಂತೆ. ನೋಡಿ ಬರಬಹುದಾ?

ಹನ್ನೆರಡು ಕಿಲೋಮೀಟರ್ ಆಸುಪಾಸು. ಮಧ್ಯಾಹ್ನದ ನಿದ್ದೆ ಬೇಡ ಅನ್ನುವವರು ಆ ಹೊತ್ತಿಗೆ ಹೋಗಿಬರಬಹುದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಸಣ್ಣ ಹಳ್ಳಿಯಲ್ಲ, ನಾಣ್ಯ ಟಂಕಿಸುತ್ತಿದ್ದ ಪಟ್ಟಣ. ಕಿಸುಕಾಡು ಎಪ್ಪತ್ತು ಅನ್ನುವ ನಾಡನ್ನು ಆಳಿದ ಅಕ್ಕಾದೇವಿಯ ಊರು. ಆಕೆ ಚಾಲುಕ್ಯ ಅರಸು ಎರಡನೆಯ ಜಯಸಿಂಹನ ಅಕ್ಕ, ದಂಡು ಕಟ್ಟಿಕೊಂಡು ಕೋಟೆಗೆ ಮುತ್ತಿಗೆ ಹಾಕಿದ ಹೆಣ್ಣು. ಜೋಡು ಕಳಸದ ಗುಡಿ, ಮಲ್ಲಿಕಾರ್ಜುನ ಗುಡಿ ಎಲ್ಲ ಚೆಂದ. ಆದರೆ ನಾಗಕುಂಡ ಅನ್ನುವ ಬಾವಿ ನೋಡದೆ ಬರಬೇಡಿ. ಒಳಗೋಡೆಯ ಸುತ್ತಲೂ ಪುಟ್ಟ ಪುಟ್ಟ ಗುಡಿಗಳ ಹಾಗೆ ಕಡೆದ ಗೂಡುಗಳು. ನೀರು ಸೇದಲು ಬರುವವರಿಗಾಗಿ ಇಷ್ಟು ಕೆತ್ತನೆ ಮಾಡಿಸಿದ ಕಾಲವೊಂದಿತ್ತು.

ಬಾದಾಮಿಯನ್ನೂ ಸೇರಿಸಿಕೊಳ್ಳಬಹುದಾ?

ಬೇಡ. ಕಾರಣ ಮೇಲೆ ಹೇಳಿದ್ದೇನೆ, ಮಗಳ ಅಂಗಾಲಿಗೆ ಮನೆಗೆ ಬಂದು ಬೆಣ್ಣೆ ಹಚ್ಚಬೇಕಾಯಿತು.

ಯಾವ ತಿಂಗಳು ಒಳ್ಳೆಯದು?

ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ ಬಿಟ್ಟುಬಿಡಿ. ಜುಲೈ-ಆಗಸ್ಟ್‌ನಲ್ಲಿ ಮಳೆ ಮಲೆನಾಡಿನಂತೆ ಸುರಿಯುವುದಿಲ್ಲ, ಜಿಟಿಜಿಟಿ ಬಂದು ಹೋಗುತ್ತದೆ. ಗಾಳಿ ಮಾತ್ರ ವಿಪರೀತ, ಕೋಟೆಯ ಮೇಲೆ ಛತ್ರಿ ಹಿಡಿದರೆ ತಿರುಗಿ ನಿಲ್ಲುತ್ತದೆ. ಗಾಳಿಯಂತ್ರಗಳು ಸುಮ್ಮನೆ ಬಂದು ನಿಂತಿಲ್ಲ ಅಲ್ಲಿ. ಆಗ ಹೊಲದಲ್ಲಿ ಹೆಸರು, ಶೇಂಗಾ, ಉಳ್ಳಾಗಡ್ಡಿ, ಗುಡ್ಡದ ಮೇಲೂ ಎಳೆ ಹುಲ್ಲು.

ನನ್ನನ್ನು ಕೇಳಿದರೆ ಡಿಸೆಂಬರ್ ಕೊನೆ, ಜನವರಿ. ಹಿಂಗಾರಿ ಜೋಳ ಆಳೆತ್ತರ, ಕಡಲೆ, ಕುಸುಬಿ, ಗೋಧಿ ಎಲ್ಲ ಹೊಲದಲ್ಲೇ ಇರುತ್ತದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಮಂದಿ ದಾರಿಯುದ್ದಕ್ಕೂ ಕಾಣುತ್ತಾರೆ. ಅದೃಷ್ಟ ಇದ್ದರೆ ಸೀತನಿ ಸಿಗುತ್ತದೆ. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಊದಿ, ಬೆಲ್ಲ-ಶೇಂಗಾ ಚಟ್ನಿ ಜೊತೆ ತಿನ್ನುವುದು. ನರೇಗಲ್ಲದ ಹತ್ತಿರ ಹೊಗೆ ಕಂಡು ಗಾಡಿ ನಿಲ್ಲಿಸಿದ್ದೆವು. ಹೊಲದವರು ಯಾರು ಎತ್ತ ಕೇಳದೆ "ಬರ್ರಿ ಬರ್ರಿ, ಆರತೈತಿ" ಅಂತ ಕೈಗೆ ತೆನೆ ಕೊಟ್ಟರು. ಅಂಗೈಯಲ್ಲಿ ಉಳಿದ ಬೂದಿಯ ವಾಸನೆ ಕೋಟೆ ಹತ್ತುವವರೆಗೂ ಹೋಗಲಿಲ್ಲ.

ಮಂಗಗಳ ಕಾಟ ಇದೆಯಾ?

ಇದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಅದರಲ್ಲಿ ತಿನ್ನುವುದೇ ಇದೆ ಅಂತ ಅವುಗಳ ತೀರ್ಮಾನ. ಬಾಳೆಹಣ್ಣು, ಕಾಯಿ ಎಲ್ಲವನ್ನೂ ಬಟ್ಟೆಯ ಚೀಲದಲ್ಲಿ ಹಾಕಿ ಬಾಯಿ ಕಟ್ಟಿಕೊಂಡು ಹತ್ತಿ. ಕಸಿದುಕೊಂಡರೆ ಬಿಟ್ಟುಕೊಡಿ, ಜಗ್ಗಾಡಬೇಡಿ.

ಗುಡ್ಡವೇ ಬೇಕೆಂದರೆ ಗದಗಿಗೆ ಹತ್ತಿರದ ಕಪ್ಪತಗುಡ್ಡ ಇದೆಯಲ್ಲ?

ಇದೆ, ಚೆಂದವೂ ಇದೆ. ಎಪ್ಪತ್ತು ಗಿರಿ ನೋಡುವುದಕ್ಕಿಂತ ಒಂದು ಕಪ್ಪತಗಿರಿ ನೋಡು ಅನ್ನುವ ಮಾತೇ ನಮ್ಮ ಕಡೆ ಇದೆ. ಔಷಧಿ ಸಸ್ಯಗಳ ಗುಡ್ಡ, 2019ರಿಂದ ವನ್ಯಜೀವಿ ಧಾಮ. ಆದರೆ ಅದು ಕಾಡು, ಊರಲ್ಲ. ಅರಣ್ಯ ಇಲಾಖೆಯ ನಿಯಮ ಕೇಳಿಕೊಂಡು ಹೋಗಬೇಕು. ಚಹಾ ಕುಡಿಯುತ್ತ ಕಟ್ಟೆಯ ಮೇಲೆ ಕೂತು ಹೊತ್ತು ಕಳೆಯುವ ದಿನಕ್ಕೆ ಗಜೇಂದ್ರಗಡ, ಮಾತಾಡದೆ ನಡೆಯುವ ದಿನಕ್ಕೆ ಕಪ್ಪತಗುಡ್ಡ.

ಏನೇನು ಒಯ್ಯಬೇಕು?

ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ಟೊಪ್ಪಿಗೆ ಅಥವಾ ಟವೆಲ್. ಹಾಸಲು ಒಂದು ಕೌದಿ, ಇದನ್ನು ಮಾತ್ರ ಮರೆಯಬೇಡಿ. ದಪ್ಪ ಹತ್ತಿಯ ಕಾಲುಚೀಲ, ಗುಡಿಯ ಮೆಟ್ಟಿಲಿಗೆ. ಕೋಟೆಗೆ ಹಿಡಿತ ಇರುವ ಬೂಟು. ಮಕ್ಕಳಿಗೆ ಒಂದು ಜೋಡಿ ಬಟ್ಟೆ ಹೆಚ್ಚಿಗೆ. ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಇರಲಿ.

ರಾತ್ರಿ ಉಳಿಯಬೇಕಾಗುತ್ತದಾ?

ಇಲ್ಲ. ಉಳಿಯಲೇಬೇಕೆಂದರೆ ಗದಗಿಗೆ ಬಂದು ಉಳಿಯಿರಿ.

ವಾಪಸ್ ಬರುವಾಗ ದಾರಿಯಲ್ಲಿ ಏನಾದರೂ ನೋಡಬಹುದಾ?

ಕಾಲಕಾಲೇಶ್ವರದಿಂದ ಆರು, ಆರೂವರೆಗೆ ಇಳಿದರೆ ಗದಗ ಎಂಟಕ್ಕೆ. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಕೂತು ಭಾರತ ಬರೆದ ಎನ್ನುವ ಕಂಬ ಇದೆ, ಬಾಗಿಲು ತೆಗೆದಿದ್ದರೆ ಒಂದು ನಮಸ್ಕಾರ ಹಾಕಿ ಬನ್ನಿ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು ಕತ್ತಲಲ್ಲಿ ನೋಡಿ ಪ್ರಯೋಜನವಿಲ್ಲ. ಅದು ಪಂಪನ ಊರು ಅನ್ನುತ್ತಾರೆ, ಅದಕ್ಕೆ ಬೇರೊಂದು ರವಿವಾರ ಇಡಿ. ಹೆಚ್ಚಿನ ಸಲ ನಾವು ಇದ್ಯಾವುದನ್ನೂ ಮಾಡುವುದಿಲ್ಲ. ಗದಗಿನಲ್ಲಿ ಚಹಾ ಕುಡಿಯುತ್ತೇವೆ, ಅಣ್ಣಿಗೇರಿ ಬರುವುದರೊಳಗೆ ಹಿಂದಿನ ಸೀಟಿನವರೆಲ್ಲ ಮಲಗಿರುತ್ತಾರೆ. ಹುಬ್ಬಳ್ಳಿಯ ಮೊದಲ ಸಿಗ್ನಲ್ಲಿಗೆ ಗಾಡಿ ನಿಂತಾಗ ಮಾವನವರು ಎಚ್ಚರಾಗಿ ಕೇಳುವುದು ಒಂದೇ ಮಾತು: "ಕೌದಿ ತಗೊಂಡ್ರಿಲ್ಲೋ?"